ಬಾರ್ತೊಲೊ ಹೊತ್ತ ಗಡಿಕಲ್ಲು

ಮಂಜು ಇಳಿದ ಮಧ್ಯಾಹ್ನ ಪಿಯಾನೊರ್ಸೊ ಊರಿನವರು ಮೇಲಿನ ಹುಲ್ಲುಗಾವಲಿನಲ್ಲಿ ದನಗಳನ್ನು ಹೆಸರು ಹಿಡಿದು ಕೂಗುವುದಿಲ್ಲ. ಉಪ್ಪಿನ ಡಬ್ಬಿ ಅಲ್ಲಾಡಿಸುತ್ತಾರೆ, ದನ ತಾವಾಗಿ ಬರುತ್ತವೆ. ಗಡಿಯ ಕಡೆ ಒಬ್ಬ ‘ಇದನ್ನ ಎಲ್ಲಿಡ್ಲಿ?’ ಎಂದು ಕೇಳುತ್ತಾ ಅಲೆಯುತ್ತಿರುತ್ತಾನೆ. ಕೂಗುವಾಗ ಬಾಯಿ ತಪ್ಪಿ ಅವನಿಗೆ ಉತ್ತರ ಕೊಟ್ಟುಬಿಟ್ಟೇವು ಎಂಬ ಭಯ.

ಕೇಳುವವನು ಅದೇ ಊರಿನ ಒರ್ಸೊಲಾಳ ಅಪ್ಪ ಬಾರ್ತೊಲೊ. ಸತ್ತು ಬಹಳ ವರ್ಷವಾಯಿತು. ಗುಡ್ಡ ಕುಸಿದು ಊರಿನ ಒರತೆ ಮುಚ್ಚಿಹೋದಾಗ, ನೆರೆಯ ಸೆಲ್ವಾರದವರ ಒರತೆಯನ್ನು ಊರಿಗೆ ದಕ್ಕಿಸಿಕೊಟ್ಟವನು ಅವನೇ. ಗಡಿಕಲ್ಲನ್ನು ಕಿತ್ತು ಒರತೆಯ ಆಚೆ ನೆಟ್ಟ. ವಿಚಾರಣೆಗೆ ಬಂದವರ ಮುಂದೆ, ಒರತೆಯ ಪಕ್ಕದಲ್ಲೇ, ತನ್ನ ಹಿತ್ತಿಲ ಮಣ್ಣನ್ನು ಬೂಟಿನೊಳಗೆ ತುಂಬಿಕೊಂಡು ನಿಂತು, ‘ನನ್ನ ಕಾಲಡಿಯ ಮಣ್ಣು ಪಿಯಾನೊರ್ಸೊದ್ದು’ ಎಂದು ಶಿಲುಬೆ ಮುಟ್ಟಿ ಆಣೆ ಮಾಡಿದ. ಅವನು ಸತ್ತಾಗ ಊರವರು ಗೌರವಕ್ಕೆಂದು ಅದೇ ಬೂಟು ತೊಡಿಸಿ ಹೂತರು. ಒಳಗಿನ ಮಣ್ಣು ಕೊಡವಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಂದಿನಿಂದ ಮಂಜು ಬಿದ್ದಾಗಲೆಲ್ಲ ಗಡಿಕಲ್ಲು ನೆಟ್ಟ ಜಾಗದಲ್ಲಿ ಬರೀ ಗುಂಡಿ, ಕಲ್ಲು ಅವನ ಹೆಗಲ ಮೇಲೆ. ಅವನು ಕೇಳಿದಾಗ ಯಾರಾದರೂ ‘ಎಲ್ಲಿಂದ ತಂದೆಯೋ ಅಲ್ಲೇ ಇಡು’ ಎಂದರೆ ಸಾಕು, ಅವನಿಗೆ ಬಿಡುಗಡೆ. ಒರತೆ ಮಾತ್ರ ಸೆಲ್ವಾರಕ್ಕೆ ಹೋಗುತ್ತದೆ. ಹಾಗಾಗಿ ಪಾದ್ರಿಯಿಂದ ಹಿಡಿದು ಊರಿಗೆ ಊರೇ ಕಿವುಡು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಆ ಮಧ್ಯಾಹ್ನ ಒರ್ಸೊಲಾ ತಮ್ಮ ಸಿಲ್ವಿನೊನ ಜೊತೆ ಗುಡಿಸಲಿನಲ್ಲಿ ಜೋಳದ ಗಂಜಿ ತಿರುವುತ್ತಿದ್ದಳು. ಹೊರಗೆ, ಗೋಡೆಗೆ ತಾಗಿದಂತೆ, ಯಾರೋ ಏದುಸಿರು ಬಿಟ್ಟರು.

"ಇದನ್ನ ಎಲ್ಲಿಡ್ಲಿ?"

"ಇಷ್ಟು ಹತ್ರ ಯಾವತ್ತೂ ಬಂದಿರ್ಲಿಲ್ಲ ಕಣೋ," ಎಂದಳು. "ಸುಸ್ತಾಗಿದ್ದಾನೆ."

"ಸತ್ತೋರಿಗೆ ಎಂಥ ಸುಸ್ತು? ಗಂಜಿ ತಳ ಹಿಡೀತಿದೆ, ನೋಡ್ಕೋ."

"ನಿನ್ನನ್ನ ಹೆಗಲ ಮೇಲೆ ಹೊತ್ತು ತಿರುಗಿದೋನು ಅವನು."

"ಅದಕ್ಕೇ ಹೇಳ್ತಿರೋದು. ದನ ಬದುಕ್ಲಿ ಅಂತ ತಾನೇ ಅಪ್ಪ ಅಷ್ಟೆಲ್ಲ ಮಾಡಿದ್ದು? ಬಾಯಿ ಮುಚ್ಕೊಂಡಿರು ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

ಒರ್ಸೊಲಾ ಸೌಟು ಬಿಸಾಡಿ ಬಾಗಿಲು ತೆರೆದಳು. ಮಂಜಿನಲ್ಲಿ ಬಾಗಿದ ಬೆನ್ನೊಂದು ಕಂಡಿತು, ಮುಖ ಕಾಣಲಿಲ್ಲ.

"ಎಲ್ಲಿಂದ ತಂದ್ಯೋ ಅಲ್ಲೇ ಇಡಪ್ಪಾ," ಎಂದಳು.

ಭಾರದ ಹೆಜ್ಜೆಗಳು ಇಳಿಜಾರಿನಲ್ಲಿ ದೂರವಾದವು. ಆಮೇಲೆ ಧೊಪ್ಪೆಂದು ಸದ್ದು, ಅದರ ಹಿಂದೆಯೇ ಒಂದು ನಿಟ್ಟುಸಿರು. ಒರ್ಸೊಲಾ ಹೊಸ್ತಿಲಲ್ಲೇ ಕೂತು ಸಮಾಧಾನದಿಂದ ಅತ್ತಳು.

ಮರುದಿನ ಬಿಸಿಲು. ಕಲ್ಲು ಒರತೆಯ ಈಚೆ, ಅದರ ಹಳೆಯ ಜಾಗದಲ್ಲಿತ್ತು. ನೀರಿಗೆ ಹೊರಟ ದನಗಳು ಅದರ ನೇರಕ್ಕೆ ಬಂದು ನಿಂತುಬಿಟ್ಟವು. ಹೊಡೆದರೂ, ಹಗ್ಗ ಹಾಕಿ ಎಳೆದರೂ ಒಂದು ಹೆಜ್ಜೆ ಮುಂದಿಡಲಿಲ್ಲ. ಹೋಗಲಿ ಎಂದು ಕೊಡದಲ್ಲಿ ತಂದಿಟ್ಟರೆ ಆ ನೀರನ್ನು ಮೂಸಿಯೂ ನೋಡಲಿಲ್ಲ. ಹೊತ್ತು ಏರಿದಂತೆ ಅವುಗಳ ಕೂಗು ಕೇಳಲಾಗದಂತಾಯಿತು. ಊರು ಅಲ್ಲಿ ನೆರೆಯಿತು.

"ಅಪ್ಪನಿಗೆ ಸ್ವರ್ಗ ಕೊಡಿಸ್ದೆ," ಎಂದಳು ದನ ಕಾಯುವ ಮುದುಕಿ ತೆಕ್ಲಾ. "ನಮ್ ದನಕ್ಕೆ ಏನ್ ಕೊಡಿಸ್ತೀಯ, ಮಹಾತಾಯಿ?"

ಒರ್ಸೊಲಾ ತಲೆ ತಗ್ಗಿಸಿದಳು. ಸಿಲ್ವಿನೊ ಹೋಗಿ ಕಲ್ಲನ್ನು ಅಲುಗಾಡಿಸಿ ಕಿತ್ತು ಹೆಗಲಿಗೇರಿಸಿದ.

"ಬೇಡ ಕಣೋ!" ಎಂದು ಒರ್ಸೊಲಾ ಕೂಗಿದಳು.

ಅವನು ನಡೆದ. ಅವನ ಬೆನ್ನಿಗೆ ದನಗಳು ಒಂದೊಂದಾಗಿ ಹೆಜ್ಜೆ ಕಿತ್ತವು. ಅವನು ಒರತೆ ದಾಟಿ ಆಚೆ ನಿಂತ, ಅವು ನೀರಿಗೆ ಬಾಯಿ ಹಾಕಿದವು. ಜನ ಶಿಲುಬೆಯ ಗುರುತು ಮಾಡಿಕೊಂಡರು.

ಸಿಲ್ವಿನೊ ಕಲ್ಲಿಳಿಸಲು ಬಾಗಿದ. ಕಲ್ಲು ಇಳಿಯಲಿಲ್ಲ. ಹೆಗಲು ಕೊಡವಿದ, ಮಂಡಿಯೂರಿದ, ಆದರೂ ಇಳಿಯಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಅವನತ್ತ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ದನಗಳ ಮೇಲಿತ್ತು. ಒರ್ಸೊಲಾ ನೀರಿನಲ್ಲೇ ಓಡಿ ಅವನ ಮುಖ ಹಿಡಿದುಕೊಂಡಳು.

"ಕೇಳೋ, ಎಲ್ಲಿಡ್ಲಿ ಅಂತ ಒಂದ್ಸಲ ಕೇಳು. ನೀನು ಕೇಳ್ದೆ ನಾನು ಹೇಳಿದ್ರೆ ನಡೆಯಲ್ಲ."

ಅವನ ಕತ್ತಿನ ನರ ಉಬ್ಬಿತ್ತು. ಅವಳ ಭುಜದ ಮೇಲಿಂದ ಅವನು ಒರತೆಯತ್ತ ನೋಡಿದ.

"ಇರಕ್ಕ," ಎಂದ. "ದನ ಕುಡೀಲಿ."