ಪುನರ್ಪುಳಿಗೆ ಹಸಿರು ಮುದ್ರೆ

ಪುನರ್ಪುಳಿಯ ಹುಳಿ ಉಗುರಿನ ಸಂದಿಗೆ ಇಳಿದರೆ ಅನ್ನ ಕಲಸುವಾಗಲೂ ಉರಿಯುತ್ತದೆ. ಎಣ್ಮಕಜೆಯ ನಾವು ಹೆಂಗಸರು ಬೇಸಗೆ ಇಡೀ ಹಣ್ಣು ಬಿಡಿಸುತ್ತೇವೆ. ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ, ಬಿಸಿಲಿಗೆ ಹರವಿ, ಮತ್ತೆ ಅದ್ದಿ ಒಣಗಿಸುತ್ತೇವೆ. ಕೊನೆಗೆ ಮಂಗಲ್ಪಾಡಿಯ ವ್ಯಾಪಾರಿ ಕೇಶವಪ್ರಸಾದ ತಂದುಕೊಟ್ಟ ಪ್ಯಾಕೆಟ್ಟುಗಳಿಗೆ ತುಂಬಿಸುತ್ತೇವೆ. ಪ್ಯಾಕೆಟ್ಟಿನ ಮೇಲೆ ಹಸಿರು ಎಲೆಯ ಮುದ್ರೆ, 'ವಿಷಮುಕ್ತ' ಎಂಬ ಅಕ್ಷರ, ಕೆಳಗೆ ಅವನ ಹೆಸರು. ನಮ್ಮ ಹೆಸರು ಎಲ್ಲಿಯೂ ಇಲ್ಲ.

ಈ ವರ್ಷ ನಮ್ಮಲ್ಲೊಬ್ಬಳಾದ ಕಿನ್ನಿ ಹಟ ಹಿಡಿದಳು. "ಮುದ್ರೆ ನಮ್ಮ ಹೆಸರಲ್ಲೇ ಬರಲಿ. ನಾವೇ ಮಾರುವ. ಅಮ್ಮುವಿನ ಮದ್ದಿಗೆ ಅವನ ಎದುರು ಕೈಯೊಡ್ಡಿದ್ದು ಸಾಕು."

ಅಮ್ಮು ಅವಳ ಮಗಳು. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವಳು. ಒಂದು ದಿನವೂ ಎದ್ದು ನಡೆದವಳಲ್ಲ.

ಮುದ್ರೆ ಕೊಡುವ ಕಂಪೆನಿಯ ಶರತ್ಚಂದ್ರ ಪರೀಕ್ಷೆಗೆಂದು ಜೀಪಿನಲ್ಲಿ ಕಿನ್ನಿಯ ಮನೆಗೆ ಬಂದರು. ಅದೇ ಜೀಪಿನಿಂದ ಕೇಶವಪ್ರಸಾದನೂ ಇಳಿದ. ನನಗೆ ಆಗಲೇ ಮೈ ಉರಿಯಿತು.

ಕಿನ್ನಿ ಮೊದಲು ಪುನರ್ಪುಳಿ ಶರಬತ್ತು ಕೊಟ್ಟಳು. ಶರತ್ಚಂದ್ರ ಒಂದು ಲೋಟ ಮುಗಿಸಿ ಇನ್ನೊಂದು ಕೇಳಿ ಕುಡಿದರು. "ಫಸ್ಟ್ ಕ್ಲಾಸ್!" ಎಂದರು. ಆಮೇಲೆ ಬೇಲಿಯಾಚೆ ನೋಡಿದರು.

"ಅದು ಗೇರುತೋಟ ಅಲ್ವಾ? ಹಿಂದೆ ವಿಷ ಬಿಟ್ಟ ಜಾಗ. ನಿಮ್ಮ ಉತ್ಪನ್ನಕ್ಕೆ ಅರ್ಹತೆ ಇಲ್ಲ."

"ಬಿಟ್ಟದ್ದು ನಾವಾ ಸಾರ್?" ಕಿನ್ನಿ ಕೇಳಿದಳು.

"ಯಾರು ಬಿಟ್ಟದ್ದು ಅಂತ ನಿಯಮ ಕೇಳುವುದಿಲ್ಲ."

"ವಿಷ ಬಿಡುವುದು ನಿಂತು ಎಷ್ಟು ಕಾಲ ಆಯ್ತು! ಬೇಕಾದ್ರೆ ಮಣ್ಣು ತಕೊಂಡು ಹೋಗಿ, ಪರೀಕ್ಷೆ ಮಾಡಿ."

"ಅದಕ್ಕೆಲ್ಲ ಟೈಮ್ ಇಲ್ಲಮ್ಮ."

ಕೇಶವಪ್ರಸಾದ ಹಲ್ಲು ಕಿರಿದ. "ಬೇಜಾರು ಮಾಡ್ಬೇಡ ಮಾರಾಯ್ತಿ. ಯಾವಾಗಿನ ಹಾಗೆ ನನಗೇ ಕೊಡು."

ಕಿನ್ನಿ ಒಳಗೆ ಹೋದಳು. ಕೇಶವಪ್ರಸಾದನಿಗೆಂದು ತುಂಬಿಸಿಟ್ಟ ಪ್ಯಾಕೆಟ್ಟುಗಳನ್ನು ತಬ್ಬಿಕೊಂಡು ತಂದು ಶರತ್ಚಂದ್ರರ ಕಾಲಬುಡಕ್ಕೆ ಸುರಿದಳು.

"ಇದು ಯಾವ ಮರದ್ದು ಸಾರ್?"

"ಇವರ ಮಂಗಲ್ಪಾಡಿ ತೋಟದ್ದು."

"ತೋಟವಾ? ಇವರ ಅಂಗಳ ಇಡೀ ಸಿಮೆಂಟು. ಒಂದು ಪುನರ್ಪುಳಿ ಗಿಡ ತೋರಿಸಿ ನೋಡುವ! ಇದು ನೀವೀಗ ಕುಡಿದ ಶರಬತ್ತಿನ ಮರದ್ದೇ. ನನ್ನ ಕೈಯಲ್ಲಿದ್ರೆ ವಿಷ, ಇವರ ಪ್ಯಾಕೆಟ್ಟಿಗೆ ಬಿದ್ರೆ ಒಳ್ಳೇದಾ?"

ಶರತ್ಚಂದ್ರ ವಾಚು ನೋಡಿಕೊಂಡರು. "ಅವರ ಕಾಗದ ಸರಿ ಉಂಟು," ಎಂದು ಜೀಪು ಹತ್ತಿದರು. ಕೇಶವಪ್ರಸಾದನೂ ಹತ್ತಿದ. ನಾಚಿಕೆ ಬೇಡವಾ ಇವರಿಗೆ!

ಕಿನ್ನಿ ಅಂಗಳದಲ್ಲಿ ಒಣಗಲು ಹಾಕಿದ್ದ ಚಾಪೆಯನ್ನು ಸಿಪ್ಪೆ ಸಮೇತ ಎಳೆದು ಜೀಪಿನ ದಾರಿಗೆ ಹಾಕಿದಳು. ಯಾರೂ ಹೇಳಬೇಕಾಗಲಿಲ್ಲ. ನಾವೆಲ್ಲ ನಮ್ಮ ನಮ್ಮ ಮನೆಯ ಸಿಪ್ಪೆಯ ಚಾಪೆ ತಂದು ಹಾಸಿದೆವು. ಜೀಪಿನ ಮೂತಿಯಿಂದ ತಿರುವಿನವರೆಗೆ ದಾರಿ ಕೆಂಪಾಯಿತು. ಕಿನ್ನಿ ಅಮ್ಮುವನ್ನು ಎತ್ತಿ ತಂದು ಗೇಟಿನ ಬಳಿ ನೆರಳಿನಲ್ಲಿ ಕೂರಿಸಿದಳು.

ಶರತ್ಚಂದ್ರ ಹಾರ್ನ್ ಹೊಡೆದರು. "ದಾರಿ ಬಿಡಿ!"

"ಹೋಗಿ ಸಾರ್," ಎಂದಳು ಕಿನ್ನಿ. "ಅರ್ಹತೆ ಇಲ್ಲದ್ದಲ್ವಾ? ಮೇಲಿಂದಲೇ ಹತ್ತಿಸಿಕೊಂಡು ಹೋಗಿ."

ಜೀಪು ಗುರುಗುಟ್ಟಿತು. ಕೇಶವಪ್ರಸಾದ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ ಕಿರುಚಿದ.

"ಅಯ್ಯಯ್ಯೋ, ಹತ್ತಿಸಬೇಡಿ! ನನ್ನ ಮಾಲು ಹಾಳಾಗ್ತದೆ!"

ಎಲ್ಲರಿಗಿಂತ ಮೊದಲು ನಕ್ಕವಳು ಅಮ್ಮು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಿನ್ನಿ ನಗಲಿಲ್ಲ. "ಕೇಳಿದ್ರಾ ಸಾರ್? ಇಳಿದು ಬನ್ನಿ. ಇದು ಯಾರ ಮಾಲು ಅಂತ ಇಲ್ಲೇ ತೀರ್ಮಾನ ಆಗಲಿ. ಅಲ್ಲಿವರೆಗೆ ಚಾಪೆ ತೆಗೆಯುವುದಿಲ್ಲ."

ಒಳ್ಳೆಯ ಬಿಸಿಲಿತ್ತು. ನಾವು ದಾರಿಯ ಮಧ್ಯೆ ಕುಳಿತು ಸಿಪ್ಪೆ ಮಗುಚತೊಡಗಿದೆವು.