ನೋವಾದರೆ ಎಡಗೈ

“ನೋವಾದ್ರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ. ಮಾತಾಡೋಕೆ ಮಾತ್ರ ಹೋಗಬೇಡಿ,” ಎಂದರು ಹಲ್ಲಿನ ಡಾಕ್ಟರು.

ತಂಗಿ ಬಾಯಿ ತೆರೆದುಕೊಂಡೇ ತಲೆಯಾಡಿಸಿದಳು. ಎಂಜಲು ಹೀರುವ ಕೊಳವೆ ಹಿಡಿದು ಪಕ್ಕದಲ್ಲಿ ನಿಂತಿದ್ದ ನರ್ಸಿನ ಕಡೆ ಅವಳು ಕಣ್ಣು ಹಾಯಿಸಲಿಲ್ಲ. ನರ್ಸು ಅವಳ ಒಡಹುಟ್ಟಿದ ಅಕ್ಕ. ಇಬ್ಬರಿಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಗುರುವಾರ ಅಕ್ಕನಿಗೆ ರಜೆ ಎಂದು ಗೊತ್ತಿದ್ದೇ ತಂಗಿ ಆ ದಿನಕ್ಕೆ ಹೆಸರು ಬರೆಸಿದ್ದಳು. ಹೆಸರು ಕಂಡ ಅಕ್ಕ ರಜೆಯನ್ನು ಶುಕ್ರವಾರಕ್ಕೆ ತಳ್ಳಿದ್ದಳು. ಬೆಳಿಗ್ಗೆ ಬಾಗಿಲಲ್ಲಿ ಎದುರುಬದುರಾದಾಗ ಒಬ್ಬಳು ಗೋಡೆ ನೋಡಿದಳು, ಇನ್ನೊಬ್ಬಳು “ಚಪ್ಪಲಿ ಅಲ್ಲಿ ಬಿಡಿ” ಎಂದಳು. ಸ್ವಂತ ತಂಗಿಗೆ ಬಹುವಚನ.

ಜಗಳ ಅಮ್ಮನ ವಿಷಯಕ್ಕೆ. ಅಮ್ಮ ಹಾಸಿಗೆ ಹಿಡಿದ ಮೂರು ತಿಂಗಳೂ ಜೊತೆಗಿದ್ದ ತಂಗಿ, ಆಗ ಬೇರೆ ಊರಲ್ಲಿದ್ದ ಅಕ್ಕನಿಗೆ ಫೋನಿನಲ್ಲಿ “ಆರಾಮಾಗಿದ್ದಾಳೆ” ಎಂದೇ ಹೇಳುತ್ತಿದ್ದಳು. ಬಸುರಿ ಅಕ್ಕನಿಗೆ ಗಾಬರಿ ಮಾಡಬೇಡ ಎಂದು ಅಮ್ಮನೇ ಮಾತು ತೆಗೆದುಕೊಂಡಿದ್ದಳು. ಅಕ್ಕ ಬಂದು ತಲುಪಿದಾಗ ಅಮ್ಮನಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. “ಒಂದು ಮಾತು ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತು?” ಎಂದು ಅಕ್ಕ ಕೇಳಿದ್ದೇ ಕೊನೆ.

ಬುದ್ಧಿಹಲ್ಲು ದವಡೆಯೊಳಗೆ ಅಡ್ಡ ಮಲಗಿತ್ತು. ಒಸಡು ಕೊಯ್ದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆಯಬೇಕು. ಡ್ರಿಲ್ ಕಿರುಗುಟ್ಟತೊಡಗಿತು. ತಂಗಿಯ ಎಡಗೈ ಹೊಟ್ಟೆಯ ಮೇಲೆ ಅಲುಗದೆ ಬಿದ್ದಿತ್ತು.

“ಗಟ್ಟಿ ಹೆಣ್ಣು,” ಎಂದರು ಡಾಕ್ಟರು.

ಅಕ್ಕ ಕೈಯನ್ನು ನೋಡುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ತಂಗಿಯ ಕಾಲ ಬೆರಳುಗಳು ಒಂದೊಂದೇ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಏಳು ವರ್ಷದವಳಿದ್ದಾಗ ಮೊಣಕಾಲಿಗೆ ಹೊಲಿಗೆ ಹಾಕಿಸಿಕೊಂಡ ದಿನವೂ ಹೀಗೆಯೇ. ಕಣ್ಣಲ್ಲಿ ಹನಿ ನೀರಿಲ್ಲ, ಕಾಲ ಬೆರಳು ಮಾತ್ರ ಮುಷ್ಟಿ ಕಟ್ಟಿದ್ದವು.

“ನಿಲ್ಲಿಸಿ ಡಾಕ್ಟ್ರೇ. ಅವಳಿಗೆ ನೋಯ್ತಿದೆ.”

“ಕೈ ಎತ್ತಿಲ್ವಲ್ಲಮ್ಮ?”

“ಅವಳು ಎತ್ತೋಳಲ್ಲ. ಇನ್ನೊಂದು ಇಂಜೆಕ್ಷನ್ ಕೊಡಿ.”

ಡಾಕ್ಟರು ಇಬ್ಬರನ್ನೂ ಒಮ್ಮೆ ನೋಡಿ ಸೂಜಿ ಕೈಗೆತ್ತಿಕೊಂಡರು. ಮರಗಟ್ಟುವವರೆಗೆ ಕಾಯಬೇಕಿತ್ತು. ತಂಗಿಯ ಕಣ್ಣಿನ ಮೂಲೆಯಿಂದ ನೀರು ಕಿವಿಯತ್ತ ಇಳಿಯಿತು. ಅಕ್ಕ ಗವಸಿನ ಕೈಯಲ್ಲಿ ಹತ್ತಿ ಹಿಡಿದು ಒರೆಸಿದಳು. ಅಮ್ಮನ ಪಕ್ಕ ಒಬ್ಬಳೇ ಕೂತ ಆ ಮೂರು ತಿಂಗಳು ಇವಳ ಕಾಲ ಬೆರಳು ನೋಡುವವರು ಯಾರಿದ್ದರು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

“ನೋವಾದ್ರೆ ಹೇಳ್ಬೇಕು ಕಣೆ, ಕತ್ತೆ,” ಎಂದಳು ಮಾಸ್ಕಿನೊಳಗಿಂದಲೇ.

ಬೆರಳುಗಳು ನಿಧಾನವಾಗಿ ಬಿಚ್ಚಿಕೊಂಡವು. ಆಮೇಲೆ ಕಾಲು ಗಂಟೆಯಲ್ಲಿ ಹಲ್ಲು ಹೊರಬಂತು, ಹೊಲಿಗೆಯೂ ಬಿತ್ತು.

ಹೊರಗೆ ಬೆಂಚಿನ ಮೇಲೆ ಕೂತ ತಂಗಿಗೆ ಅಕ್ಕ ಎಲ್ಲರಿಗೂ ಒಪ್ಪಿಸುವ ಪಾಠವನ್ನೇ ಒಪ್ಪಿಸಿದಳು. “ಒಂದು ಗಂಟೆ ಹತ್ತಿ ಕಚ್ಚಿಕೊಂಡಿರು. ಉಗುಳಬೇಡ. ಬಿಸಿದು ತಿನ್ನಬೇಡ. ರಾತ್ರಿ ಜೊತೆಗೆ ಯಾರಾದ್ರೂ...” ಅಮ್ಮ ಹೋದಮೇಲೆ ಆ ಮನೆಯಲ್ಲಿ ತಂಗಿ ಒಬ್ಬಳೇ. “ನಾನು ಬರ್ಲಾ?”

ತಂಗಿ ಹತ್ತಿ ಕಚ್ಚಿಕೊಂಡು, ಏನೂ ಬೇಡ, ಆರಾಮಾಗಿದ್ದೀನಿ ಎಂಬಂತೆ ಬಲಗೈ ಆಡಿಸಿದಳು. ಅಭ್ಯಾಸ ಎಲ್ಲಿ ಹೋದೀತು.

“ಸರಿ, ನಿನ್ನಿಷ್ಟ,” ಎಂದು ಅಕ್ಕ ಒಳಗೆ ಹೊರಟಳು. ಡಾಕ್ಟರು ಮುಂದಿನವರನ್ನು ಕರೆಯುತ್ತಿದ್ದರು. ಬಾಗಿಲಿಗೆ ಕೈ ಹಚ್ಚುವಾಗ ಹಿಂದೆ ಬೆಂಚು ಕಿರ್ರೆಂದಿತು. ಅಕ್ಕ ನಿಂತು ತಿರುಗಿದಳು.

ಒಂದು ಕಾಲಿಗಷ್ಟೇ ಚಪ್ಪಲಿ ಮೆಟ್ಟಿ, ಊದಿದ ಕೆನ್ನೆಯಲ್ಲಿ ಎದ್ದು ನಿಂತ ತಂಗಿ ಎಡಗೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದಳು.