ದಾರ ಬಿಟ್ಟ ಜಾಗ

“ಏಯ್ ಮುದುಕಿ, ಆ ಕಂಬಳಿ ಇತ್ತ ಹಾಸು. ಸಾಹೇಬ್ರು ಮಣ್ಣಾಗೆ ಕುಂತ್ಕಬೇಕೇನು?”

ಪಂಚಾಯ್ತಿ ಮೆಂಬರು ನಾಗರಾಜಪ್ಪ ಗದರಿದಾಗ ದೊಡ್ಡಕ್ಕ ಹೆಗಲ ಮೇಲಿನ ಕರಿಕಂಬಳಿಯನ್ನು ಎದೆಗವಚಿಕೊಂಡಳು. “ಜುಂಜಪ್ಪನ ಗದ್ದಿಗೆಗೆ ಹಾಸೋದು ಕಣಪ್ಪ ಇದು.”

“ನಿನ್ನ ದ್ಯಾವ್ರು ಏನೂ ಅನ್ನಲ್ಲ. ತತ್ತಾರೆ ಮುಂಡೇದೆ.” ಅವಳ ಕೈಯಿಂದ ಕಿತ್ತು ತಾನೇ ಹಾಸಿದ.

ಧರ್ಮಪುರದಾಚೆಯ ಆ ಗೊಲ್ಲರಹಟ್ಟಿಯ ಶಾಲೆ ಅಂಗಳದಲ್ಲಿ ಬೆಳಗಿನಿಂದ ಒಂದು ಪುಟ್ಟ ಲೋಕವೇ ಎದ್ದಿತ್ತು. ಒದ್ದೆ ಮರಳಿನ ಗುಡ್ಡ, ನೀಲಿ ರಂಗೋಲಿಪುಡಿಯ ಕೆರೆ, ಕುರಿಗಳೆಂದು ಹುಣಸೆಬೀಜ. ಜನ ಹೇಗೆ ಬಾಳಿದರೆ ಗುಡ್ಡ ಹೇಗಾದೀತೆಂದು ಅರಣ್ಯ ಇಲಾಖೆಯ ಸಾಹೇಬರು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿದ್ದರಂತೆ. ಅದನ್ನೇ ಹಟ್ಟಿಯವರಿಗೆ ನೆಲದ ಮೇಲೆ ಮಾಡಿ ತೋರಿಸುತ್ತಿದ್ದರು.

ಸಾಹೇಬರು ಕಂಬಳಿಯ ಮೇಲೆ ಕೂತು ಹುಣಸೆಬೀಜಗಳನ್ನೆಲ್ಲ ಗೋರಿ ಆಚೆಗೆಸೆದರು. ಗುಡ್ಡದ ಸುತ್ತ ಬಿಳಿ ದಾರ ಎಳೆದು, ಮರಳಿನ ತುಂಬ ಬೇವಿನ ಟಿಸಿಲು ಚುಚ್ಚಿದರು. “ಸೋಮವಾರದಿಂದ ಬೇಲಿ. ಕುರಿ ಹತ್ತದಿದ್ದರೆ ಗುಡ್ಡ ಹೀಗೆ ಹಸಿರಾಗುತ್ತೆ, ನೋಡಿ.”

ಹಟ್ಟಿಗೆ ಆ ಗುಡ್ಡ ಬಿಟ್ಟರೆ ಬೇರೆ ಮೇವಿರಲಿಲ್ಲ. “ಕುರಿ ಎಲ್ಲಿ ಮೇಯ್ಬೇಕು ಸ್ವಾಮಿ?” ದೊಡ್ಡಕ್ಕನ ಮಗ ಯತ್ತಪ್ಪ ಕೇಳಿದ.

“ಮಾರಿಬಿಡ್ರಪ್ಪ.”

ಅಷ್ಟರಲ್ಲಿ ಹಸಿದ ಟಗರೊಂದು ನುಗ್ಗಿ ಬೇವಿನ ಕಾಡಿಗೆ ಬಾಯಿ ಹಾಕಿತು. ನಾಗರಾಜಪ್ಪ ತೊಡೆ ತಟ್ಟಿ ನಕ್ಕ. “ನೋಡ್ರಿ ಸಾರ್, ನಿಮ್ಮ ಲೆಕ್ಕ ಕರೆಕ್ಟೈತೆ. ಹಾಳು ಬಾಯಿ, ಸಾಕಿದೋರ ಥರಾನೇ.” ಬೇರೇನೂ ತೋಚದೆ ಹಟ್ಟಿಯವರೂ ನಕ್ಕರು.

ಟಗರನ್ನು ಎಳೆಯಲು ಬಗ್ಗಿದ ದೊಡ್ಡಕ್ಕ ಹಾಗೇ ನಿಂತಳು. ಒಂದು ಕಡೆ ದಾರದ ತುದಿಗಳು ಕೂಡಿರಲಿಲ್ಲ. “ಇಲ್ಲಿ ಯಾಕಪ್ಪ ದಾರ ಬಿಟ್ಟೀರಿ?”

ಸಾಹೇಬರು ನಾಗರಾಜಪ್ಪನ ಮುಖ ನೋಡಿ ಅಂದರು, “ಅದು ಟಿಪ್ಪರ್ ಓಡಾಡೋ ದಾರಿ.”

“ಹಂಗಾರೆ ಈ ನಾಗರಾಜಪ್ಪನ ಜಲ್ಲಿ ಕ್ರಷರ್ ಇದ್ರಾಗೆ ಎಲ್ಲೈತೆ? ಗುಡ್ಡದ ಹಿಂದ್ಲ ಮಗ್ಗುಲು ನುಂಗೈತಲ್ಲ.”

“ಅದು ಈ ಲೆಕ್ಕಕ್ಕೆ ಬರಲ್ಲಮ್ಮ.”

“ನಾವು?”

“ನೀವೂ ಬರಲ್ಲ. ಕುರಿ ಮಾತ್ರ.”

“ಬಾಯಿ ಮುಚ್ಕಂಡು ಹೋಗೇ ಲೌಡಿ,” ಎಂದ ನಾಗರಾಜಪ್ಪ.

ದೊಡ್ಡಕ್ಕ ಕಂಬಳಿಯ ಅಂಚು ಹಿಡಿದಳು. “ಏಳ್ರಿ ಸಾಹೇಬ್ರೆ.” ಅವರು ಏಳುವ ಮೊದಲೇ ಎಳೆದಳು. ಸಾಹೇಬರು ಅಂಗೈ ಊರಿಕೊಂಡು ಮಣ್ಣಿಗೆ ಜಾರಿದರು. ಅವಳು ಕಂಬಳಿ ಕೊಡವಿ, ಕಣ್ಣಿಗೊತ್ತಿಕೊಂಡು, ನೀಲಿ ಕೆರೆಯನ್ನು ತುಳಿದು ಹೋಗಿ ದಾರ ಬಿಟ್ಟ ಜಾಗದಲ್ಲಿ ಹಾಸಿದಳು. ಕೂತಳು. ದಾರದ ಎರಡು ತುದಿಗಳೂ ಅವಳ ಮೊಣಕಾಲಿಗೆ ತಾಗಿದವು.

“ಈಗ ಬಿಡು ನಿನ್ನ ಟಿಪ್ಪರ್ನ.”

ಟಗರು ಮತ್ತೆ ಬೇವಿಗೆ ಬಾಯಿ ಹಾಕಿತು. ಈ ಸಲ ಯಾರೂ ನಗಲಿಲ್ಲ.